ರಾತ್ರಿ ಬೇಟೆ, ಕೂಗಿ ಕರೆಯುವ ಬೇಟೆ ಮತ್ತು ಚಿರತೆ ಉಪಟಳ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಬಂಟ್ವಾಳ, ಬೆಳ್ತಂಗಡಿ ಹಾಗೂ ಮೂಡುಬಿದಿರೆ ತಾಲೂಕುಗಳ ಕೃಷಿಕರು ರಾತ್ರಿ ವೇಳೆ ಹಟ್ಟಿಗೆ ನುಗ್ಗುವ ಚಿರತೆ, ಕೋಳಿಗೂಡಿಗೆ ಬರುವ ನರಿ ಮತ್ತು ಕಾಡುಬೆಕ್ಕು, ತೋಟ ಗದ್ದೆಗಳನ್ನು ಅಗೆದು ಹಾಕುವ ಕಾಡುಹಂದಿ ಇವುಗಳ ಬಗ್ಗೆ ವಿವಿಧ ಕಚೇರಿಗಳಿಗೆ ಅರ್ಜಿ ಸಲ್ಲಿಸುತ್ತಿರುತ್ತಾರೆ. ಇಂತಹ ಅರ್ಜಿಗಳಲ್ಲಿ ಮೂರು ಬಗೆಯ ಕೋರಿಕೆಗಳು ಸಾಮಾನ್ಯವಾಗಿ ಬೆರೆತಿರುತ್ತವೆ. ಪ್ರಾಣಿಯನ್ನು ಕೊಲ್ಲಲು ಅನುಮತಿ, ಕೋವಿಗೆ ಪರವಾನಗಿ ಮತ್ತು ಆದ ನಷ್ಟಕ್ಕೆ ಪರಿಹಾರ. ಈ ಮೂರೂ ಬೇರೆ ಬೇರೆ ಕಾನೂನುಗಳಿಗೆ, ಬೇರೆ ಬೇರೆ ಅಧಿಕಾರಿಗಳಿಗೆ ಸಂಬಂಧಿಸಿದವುಗಳಾಗಿದ್ದು, ಒಂದೇ ಅರ್ಜಿಯಲ್ಲಿ ಎಲ್ಲವನ್ನೂ ಬರೆದುಕೊಟ್ಟಲ್ಲಿ ಅರ್ಜಿಯು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಓಡಾಡುವುದೇ ಆಗುತ್ತದೆ. ಇದಲ್ಲದೆ ವಿದೇಶಗಳಲ್ಲಿ ಪ್ರಾಣಿಗಳ ಕೂಗನ್ನು ಯಂತ್ರದಿಂದ ಹೊರಡಿಸಿ, ರಾತ್ರಿ ದೀಪ ಹಾಯಿಸಿ ನರಿ ಮುಂತಾದ ಪ್ರಾಣಿಗಳನ್ನು ಬೇಟೆಯಾಡುವ ದೃಶ್ಯಗಳನ್ನು ಮೊಬೈಲಿನಲ್ಲಿ ನೋಡಿ, ಅದನ್ನೇ ಇಲ್ಲಿಯೂ ಮಾಡಬಹುದೇ ಎಂದು ವಿಚಾರಿಸುವವರೂ ಇದ್ದಾರೆ. ಈ ಎಲ್ಲ ವಿಷಯಗಳ ಬಗ್ಗೆ ಸಾರ್ವಜನಿಕರ ಅವಗಾಹನೆಗಾಗಿ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

ಬೇಟೆ ಎಂದರೆ ಏನು

ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಪ್ರಕಾರ ಬೇಟೆ ಎಂದರೆ ಕೊಲ್ಲುವುದು ಮಾತ್ರವಲ್ಲ. ಹಿಡಿಯುವುದು, ಅಟ್ಟಿಸಿಕೊಂಡು ಹೋಗುವುದು, ಉರುಳು ಹಾಕುವುದು, ಬೋನಿಗೆ ಕೆಡಹುವುದು, ಸೋವುವುದು, ಆಮಿಷ ಒಡ್ಡುವುದು, ವಿಷವಿಕ್ಕುವುದು ಇವೆಲ್ಲವೂ ಬೇಟೆಯ ವ್ಯಾಖ್ಯೆಯಲ್ಲಿ ಸೇರಿವೆ. ಇವುಗಳ ಪೈಕಿ ಯಾವುದೇ ಕೃತ್ಯಕ್ಕೆ ಮಾಡುವ ಪ್ರಯತ್ನವೂ ಬೇಟೆಯೇ ಆಗಿರುತ್ತದೆ. ಆದ್ದರಿಂದ ಮೊಲದ ಅಥವಾ ಆಡುಮರಿಯ ಕೂಗನ್ನು ಧ್ವನಿಮುದ್ರಿಸಿ ಗುಡ್ಡದ ಬದಿಯಲ್ಲಿ ಹಾಕಿ, ಕೋವಿ ಹಿಡಿದು ಕಾದು ಕುಳಿತ ವ್ಯಕ್ತಿಯು ಪ್ರಾಣಿ ಬಾರದಿದ್ದರೂ, ಗುಂಡು ಹಾರಿಸದಿದ್ದರೂ ತಾನು ಬೇಟೆಯಾಡಿಲ್ಲವೆಂದು ವಾದಿಸಲು ಬರುವುದಿಲ್ಲ. ಮರಕ್ಕೆ ಆಡು ಕಟ್ಟಿ ಅಟ್ಟಣಿಗೆಯ ಮೇಲೆ ಕೂರುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಈ ಅಧಿನಿಯಮಕ್ಕೆ 2022ರಲ್ಲಿ ತಂದ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಮೊದಲು ಆರು ಇದ್ದ ಅನುಸೂಚಿಗಳನ್ನು ನಾಲ್ಕಕ್ಕೆ ಇಳಿಸಲಾಗಿದೆ. 9ನೇ ಪ್ರಕರಣದ ಮೇರೆಗೆ 1 ಮತ್ತು 2ನೇ ಅನುಸೂಚಿಗಳಲ್ಲಿನ ಯಾವುದೇ ಪ್ರಾಣಿಯ ಬೇಟೆಯನ್ನು ನಿಷೇಧಿಸಲಾಗಿದೆ. ಚಿರತೆಯು 1ನೇ ಅನುಸೂಚಿಯಲ್ಲಿದೆ. ಕಾಡುಹಂದಿಯು 2ನೇ ಅನುಸೂಚಿಯಲ್ಲಿದೆ. ತುಳುವಿನಲ್ಲಿ ಕುದ್ಕೆ ಎಂದು ಕರೆಯಲಾಗುವ ನರಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂಬ ಭಾವನೆ ಗ್ರಾಮಗಳಲ್ಲಿದೆ. ಅದು ತಪ್ಪು ತಿಳಿವಳಿಕೆಯಾಗಿದ್ದು, ನರಿಗೂ ಈ ಕಾನೂನಿನ ರಕ್ಷಣೆ ಇರುತ್ತದೆ.

1ನೇ ಅನುಸೂಚಿಯ ಪ್ರಾಣಿಯನ್ನು ಬೇಟೆಯಾಡಿದಲ್ಲಿ ಕನಿಷ್ಠ 3 ವರ್ಷಗಳಿಂದ 7 ವರ್ಷಗಳವರೆಗೆ ಕಾರಾಗೃಹವಾಸ ಮತ್ತು 25,000 ರೂಪಾಯಿಗೆ ಕಡಿಮೆಯಿಲ್ಲದ ಜುಲ್ಮಾನೆ ವಿಧಿಸಲು ಅವಕಾಶವಿದೆ. ಇದರ ಜೊತೆಗೆ ಕೃಷಿಕರು ಗಮನಿಸಬೇಕಾದ ಮತ್ತೊಂದು ಅಂಶವಿದೆ. ಈ ಅಧಿನಿಯಮದಡಿ ಶಿಕ್ಷೆಗೊಳಗಾದ ವ್ಯಕ್ತಿಯು ಕೃತ್ಯಕ್ಕೆ ಕೋವಿಯನ್ನು ಬಳಸಿದ್ದಲ್ಲಿ, ಆತನ ಕೋವಿ ಪರವಾನಗಿಯನ್ನು ರದ್ದುಪಡಿಸಿ, ಶಿಕ್ಷೆಯಾದ ದಿನಾಂಕದಿಂದ 5 ವರ್ಷಗಳ ಕಾಲ ಪರವಾನಗಿಗೆ ಅನರ್ಹನೆಂದು ನ್ಯಾಯಾಲಯವು ಆದೇಶಿಸಬಹುದು. ಒಂದು ರಾತ್ರಿಯ ಉತ್ಸಾಹದಿಂದ ತಂದೆಯ ಕಾಲದಿಂದ ಮನೆಯಲ್ಲಿದ್ದ ಕೋವಿಯನ್ನೇ ಕಳೆದುಕೊಳ್ಳುವ ಸಂಭವವಿರುತ್ತದೆ.

ಹಿಂದೆ ಇದ್ದದ್ದು, ಈಗ ಇಲ್ಲದ್ದು

ದಕ್ಷಿಣ ಕನ್ನಡವು 1956ರ ನವೆಂಬರ್ 1ರವರೆಗೆ ಮದ್ರಾಸ್‌ಗೆ ಸೇರಿತ್ತು. ಬ್ರಿಟಿಷರ ಆಳ್ವಿಕೆಯಲ್ಲಿ ಹುಲಿ, ಚಿರತೆಗಳನ್ನು ಕೊಂದವರಿಗೆ ಸರ್ಕಾರವೇ ಇನಾಮು ನೀಡುತ್ತಿತ್ತು. ಹಿರಿಯರು ಹೇಳುವ ಬೇಟೆಯ ಕಥೆಗಳು ಬಹುಮಟ್ಟಿಗೆ ಆ ಕಾಲದ ಹಾಗೂ ಅದರ ನಂತರದ ಕೆಲವು ವರ್ಷಗಳ ಕಥೆಗಳು. ಕೆನೆತ್ ಆಂಡರ್ಸನ್‌ರ ಶಿಕಾರಿ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದಿರುವುದನ್ನು ಅನೇಕರು ಓದಿರುತ್ತಾರೆ. ಕತ್ತಲೆಯಲ್ಲಿ ಹುಲಿಯ ಕೂಗನ್ನು ಅನುಕರಿಸಿ ಅದನ್ನು ಹತ್ತಿರ ಕರೆಯುವ ಪ್ರಸಂಗಗಳು ಓದಲು ರೋಮಾಂಚಕವೇ ಸರಿ. ಆದರೆ ಅವು 1972ಕ್ಕೆ ಹಿಂದಿನ ಘಟನೆಗಳು ಎಂಬುದನ್ನು ಮರೆಯಬಾರದು.

1972ರ ಅಧಿನಿಯಮವು ಮೊದಲು ಜಾರಿಗೆ ಬಂದಾಗ ಬೇಟೆಗೆ ಪರವಾನಗಿ ಪಡೆಯುವ ಪದ್ಧತಿ ಇತ್ತೆಂಬುದು ನಿಜ. ಗಮನಾರ್ಹ ಸಂಗತಿಯೆಂದರೆ, ಪರವಾನಗಿ ಇದ್ದವರಿಗೂ ಆಗ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಬೇಟೆಯಾಡುವುದು, ಕೃತಕ ದೀಪ ಬಳಸುವುದು, ವಾಹನದಿಂದ ಗುಂಡು ಹಾರಿಸುವುದು, ಉಪ್ಪುನೆಕ್ಕಲು ಅಥವಾ ನೀರಿನ ಗುಂಡಿಯ ಬಳಿ ಕಾದು ಕೂರುವುದು ನಿಷೇಧಿಸಲ್ಪಟ್ಟಿತ್ತು. ಮಾಂಸಾಹಾರಿ ಪ್ರಾಣಿಯು ಕೊಂದ ಬೇಟೆಯ ಬಳಿಗೆ ಮರಳಿ ಬರುವಾಗ ಮಾತ್ರ, ಅದೂ ಪರವಾನಗಿಯಲ್ಲಿ ವಿಶೇಷವಾಗಿ ನಮೂದಾಗಿದ್ದರೆ, ರಾತ್ರಿ ಮತ್ತು ದೀಪದ ವಿನಾಯಿತಿ ದೊರೆಯುತ್ತಿತ್ತು. ಪರವಾನಗಿಯ ಈ ಇಡೀ ಅಧ್ಯಾಯವನ್ನೇ 1991ರ ತಿದ್ದುಪಡಿಯಿಂದ ತೆಗೆದುಹಾಕಲಾಯಿತು. ಹೀಗಾಗಿ "ರಾತ್ರಿ ಬೇಟೆಗೆ ಯಾವ ನಮೂನೆಯಲ್ಲಿ ಅರ್ಜಿ ಸಲ್ಲಿಸಬೇಕು" ಎಂಬ ಪ್ರಶ್ನೆಗೆ ಉತ್ತರವಾಗಿ ಕೊಡಲು ಯಾವ ಕಚೇರಿಯಲ್ಲಿಯೂ ನಮೂನೆ ಇರುವುದಿಲ್ಲ.

ತುಳುನಾಡಿನಲ್ಲಿ ಕೆಡ್ಡಸದ ಸಂದರ್ಭದಲ್ಲಿ ಊರವರು ಕೂಡಿ ಬೋಂಟೆಗೆ ಹೋಗುವ ವಾಡಿಕೆ ಹಿಂದೆ ಇತ್ತು. ಸಂಪ್ರದಾಯವೆಂಬ ಕಾರಣಕ್ಕೆ ವಿನಾಯಿತಿ ಇದೆಯೇ ಎಂದು ಕೇಳಲಾಗುತ್ತದೆ. ಅಧಿನಿಯಮದಲ್ಲಿ ಅಂತಹ ವಿನಾಯಿತಿಯು ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳ ನಿಕೋಬಾರ್ ಪ್ರದೇಶದ ಪರಿಶಿಷ್ಟ ಪಂಗಡಗಳಿಗೆ ಮಾತ್ರ ಇದ್ದು, ಕರ್ನಾಟಕದ ಯಾವ ಸಮುದಾಯಕ್ಕೂ ಅನ್ವಯಿಸುವುದಿಲ್ಲ. ಪಂಜುರ್ಲಿಗೂ ಪಿಲಿಚಾಮುಂಡಿಗೂ ನೇಮ ಕೊಡುವ ಊರುಗಳಲ್ಲಿ ಹಂದಿ, ಹುಲಿಗಳ ಬಗೆಗಿನ ಭಯಭಕ್ತಿ ಕಾನೂನಿಗಿಂತ ಹಳೆಯದು. ಅದನ್ನು ಇಲ್ಲಿ ವಿವರಿಸುವ ಅಗತ್ಯವಿಲ್ಲ.

ಕೊಲ್ಲಲು ಅನುಮತಿ ಯಾರಿಗೆ, ಯಾವಾಗ

11ನೇ ಪ್ರಕರಣದಲ್ಲಿ ಇದಕ್ಕೆ ಅವಕಾಶವಿದೆ. ಆದರೆ ಅದು ಅರ್ಜಿದಾರರು ಭಾವಿಸುವಷ್ಟು ವಿಶಾಲವಾಗಿಲ್ಲ. ಚಿರತೆಯಂತಹ 1ನೇ ಅನುಸೂಚಿಯ ಪ್ರಾಣಿಯು ಮನುಷ್ಯರ ಜೀವಕ್ಕೆ ಅಪಾಯಕಾರಿಯಾಗಿದೆ ಅಥವಾ ಗುಣವಾಗದಷ್ಟು ಗಾಯಗೊಂಡಿದೆ ಇಲ್ಲವೇ ರೋಗಗ್ರಸ್ತವಾಗಿದೆ ಎಂದು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಮನವರಿಕೆಯಾದಲ್ಲಿ, ಅವರು ಕಾರಣಗಳನ್ನು ನಮೂದಿಸಿ ಲಿಖಿತ ಆದೇಶ ಹೊರಡಿಸಬಹುದು. ಅದಕ್ಕೂ ಮೊದಲು ಆ ಪ್ರಾಣಿಯನ್ನು ಸೆರೆಹಿಡಿಯಲು, ಅರಿವಳಿಕೆ ನೀಡಲು ಅಥವಾ ಸ್ಥಳಾಂತರಿಸಲು ಸಾಧ್ಯವಿಲ್ಲವೆಂದು ಖಚಿತವಾಗಬೇಕು. ದನ, ಆಡು, ನಾಯಿಗಳನ್ನು ಕೊಂದ ಮಾತ್ರಕ್ಕೆ ಚಿರತೆಗೆ ಗುಂಡಿಡುವ ಆದೇಶ ಹೊರಡಿಸಲು ಅವಕಾಶವಿಲ್ಲ. ಕಾಡುಹಂದಿಯಂತಹ 2ನೇ ಅನುಸೂಚಿಯ ಪ್ರಾಣಿಯ ವಿಷಯದಲ್ಲಿ ಮಾತ್ರ ಬೆಳೆದು ನಿಂತ ಬೆಳೆಯೂ ಸೇರಿದಂತೆ ಆಸ್ತಿಗೆ ಅಪಾಯವಾಗುವುದನ್ನೂ ಪರಿಗಣಿಸಬಹುದಾಗಿದ್ದು, ಆಗಲೂ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರಿಂದ ಅಧಿಕೃತರಾದ ಅಧಿಕಾರಿಯ ಲಿಖಿತ ಅನುಮತಿ ಬೇಕು. ಅರಣ್ಯ ಸಿಬ್ಬಂದಿಯ ಬಾಯಿಮಾತಿನ ಒಪ್ಪಿಗೆ, ಪಂಚಾಯಿತಿಯ ನಿರ್ಣಯ ಇವು ಯಾವುವೂ ಅನುಮತಿಯ ಸ್ಥಾನದಲ್ಲಿ ನಿಲ್ಲುವುದಿಲ್ಲ.

ಆತ್ಮರಕ್ಷಣೆಯ ಪ್ರಶ್ನೆ ಬೇರೆ. ತನ್ನ ಅಥವಾ ಇನ್ನೊಬ್ಬರ ಪ್ರಾಣರಕ್ಷಣೆಗಾಗಿ ಸದ್ಭಾವನೆಯಿಂದ ಪ್ರಾಣಿಯನ್ನು ಕೊಂದರೆ ಅಥವಾ ಗಾಯಗೊಳಿಸಿದರೆ ಅಪರಾಧವಾಗುವುದಿಲ್ಲ. ಇದಕ್ಕೆ ಒಂದು ಷರತ್ತು ಇದೆ. ಆ ಸಮಯದಲ್ಲಿ ಆ ವ್ಯಕ್ತಿ ಇದೇ ಅಧಿನಿಯಮದ ಯಾವುದೇ ನಿಯಮವನ್ನು ಉಲ್ಲಂಘಿಸುತ್ತಿರಬಾರದು. ಹಂದಿಗೆ ಉರುಳಿಟ್ಟು, ಉರುಳಿಗೆ ಬಿದ್ದ ಚಿರತೆ ಮೈಮೇಲೆ ಎರಗಿದಾಗ ಗುಂಡು ಹೊಡೆದವರಿಗೆ ಈ ರಕ್ಷಣೆ ದೊರೆಯುವುದಿಲ್ಲ. ಆತ್ಮರಕ್ಷಣೆಯಲ್ಲಿ ಸತ್ತ ಪ್ರಾಣಿಯೂ ಸರ್ಕಾರದ ಸ್ವತ್ತಾಗಿರುತ್ತದೆ. ಯಾವುದೇ ರೀತಿಯಲ್ಲಿ ಅಂತಹ ಸ್ವತ್ತು ಕೈಗೆ ಬಂದವರು 48 ಗಂಟೆಗಳೊಳಗೆ ಸಮೀಪದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ವರದಿ ಮಾಡತಕ್ಕದ್ದು. ಉಗುರು, ಹಲ್ಲುಗಳನ್ನು ತೆಗೆದಿರಿಸಿಕೊಳ್ಳುವುದು ಪ್ರತ್ಯೇಕ ಅಪರಾಧವಾಗುತ್ತದೆ.

ಕತ್ತಲೆಯಲ್ಲಿ ಗುಂಡು ಹಾರಿಸುವುದರ ಅಪಾಯ

ಕಾನೂನನ್ನು ಒಂದು ಕ್ಷಣ ಬದಿಗಿಟ್ಟರೂ, ಈ ಮೂರು ತಾಲೂಕುಗಳ ಭೂರಚನೆಯು ರಾತ್ರಿ ಬೇಟೆಗೆ ಹೇಳಿಸಿದ್ದಲ್ಲ. ಇಲ್ಲಿ ಮನೆಗಳು ಒಂದೆಡೆ ಗುಂಪಾಗಿರದೆ ತೋಟಕ್ಕೊಂದರಂತೆ ಹರಡಿಕೊಂಡಿವೆ. ಅಡಿಕೆ ತೋಟದ ಆಚೆ ತೋಡು, ತೋಡಿನ ಆಚೆ ಕುಮ್ಕಿ ಗುಡ್ಡ, ಗುಡ್ಡದ ಹಿಂದೆ ಮತ್ತೊಬ್ಬರ ಅಂಗಳ. ತೋಟೆಕೋವಿಯಿಂದ ಹೊರಟ ಗುಂಡು ಗುರಿ ತಪ್ಪಿದರೆ ಎಲ್ಲಿ ಹೋಗಿ ನಿಲ್ಲುವುದೆಂದು ಹಗಲಿನಲ್ಲಿಯೇ ಹೇಳುವುದು ಕಷ್ಟ.

ವಿಶೇಷವಾಗಿ ಬೆಳ್ತಂಗಡಿ ಕಡೆಯ ರಬ್ಬರ್ ತೋಟಗಳಲ್ಲಿ ಟ್ಯಾಪಿಂಗ್ ಮಾಡುವವರು ನಸುಕಿಗೂ ಮೊದಲೇ ತಲೆಗೆ ದೀಪ ಕಟ್ಟಿಕೊಂಡು ಮರದಿಂದ ಮರಕ್ಕೆ ಬಾಗಿ ನಡೆಯುತ್ತಿರುತ್ತಾರೆ. ಅಡಿಕೆ ಗಿಡಗಳಿಗೆ ನೀರು ತಿರುಗಿಸಲು, ಪಂಪು ಚಾಲೂ ಮಾಡಲು ವಿದ್ಯುತ್ ಬಂದ ಹೊತ್ತಿಗೆ ತೋಟಕ್ಕಿಳಿಯುವವರಿದ್ದಾರೆ. ಯಕ್ಷಗಾನ, ನೇಮ ಮುಗಿಸಿ ಕಾಲುದಾರಿಯಲ್ಲಿ ಮನೆಗೆ ಮರಳುವವರಿದ್ದಾರೆ. ಪೊದೆಯ ಹಿಂದೆ ಅಲುಗಿದ್ದು ಹಂದಿಯೆಂದು ಭಾವಿಸಿ ಗುಂಡು ಹಾರಿಸಿ, ಬಿದ್ದದ್ದು ಜೊತೆಗಾರನೋ ನೆರೆಮನೆಯವನೋ ಆದ ದುರಂತಗಳು ಮಲೆನಾಡು ಮತ್ತು ಕರಾವಳಿ ಜಿಲ್ಲೆಗಳಲ್ಲಿ ನಡೆದಿವೆ. ಅಂತಹ ಪ್ರಕರಣವು ವನ್ಯಜೀವಿ ಕಾನೂನಿನಲ್ಲಿ ಮುಗಿಯದೆ, ಮನುಷ್ಯಹತ್ಯೆಯ ಪ್ರಕರಣವಾಗಿ ಮುಂದುವರಿಯುತ್ತದೆ.

ದೀಪ ಹಾಯಿಸಿದಾಗ ಕಣ್ಣು ಹೊಳೆಯುವುದರಿಂದ ಪ್ರಾಣಿಯನ್ನು ಗುರುತಿಸಬಹುದೆಂಬ ಅಭಿಪ್ರಾಯವೂ ನಂಬತಕ್ಕದ್ದಲ್ಲ. ರಾತ್ರಿ ಸಂಚರಿಸುವ ಪ್ರಾಣಿಗಳ ಅಕ್ಷಿಪಟಲದ ಹಿಂದಿರುವ ಒಂದು ಪದರವು ಬೆಳಕನ್ನು ಕನ್ನಡಿಯಂತೆ ಹಿಂತಿರುಗಿಸುವುದರಿಂದ ಈ ಹೊಳಪು ಕಾಣುತ್ತದೆ. ಚಿರತೆಗೆ ಇರುವಂತೆಯೇ ಈ ಪದರವು ದನ, ಆಡು, ನಾಯಿ, ಮನೆಯ ಬೆಕ್ಕುಗಳಿಗೂ ಇದೆ. ಹೊಳಪಿನ ಬಣ್ಣವು ನೋಡುವ ಕೋನ ಹಾಗೂ ದೀಪದ ಬಣ್ಣಕ್ಕೆ ತಕ್ಕಂತೆ ಬದಲಾಗುತ್ತದೆ. ಹಗ್ಗ ಬಿಚ್ಚಿಕೊಂಡ ನೆರೆಮನೆಯ ಕರುವಿನ ಕಣ್ಣೂ ದೂರದಿಂದ ಚಿರತೆಯದ್ದರಂತೆ ಹೊಳೆಯಬಲ್ಲದು.

ಉರುಳು, ವಿದ್ಯುತ್ ತಂತಿ ಹಾಗೂ ಸಿಡಿಮದ್ದುಗಳ ಬಗ್ಗೆಯೂ ಒಂದು ಮಾತು. ಬೈಕಿನ ಕ್ಲಚ್ ತಂತಿಯಿಂದ ಮಾಡಿದ ಉರುಳಿಗೆ ಹಂದಿಯೇ ಬೀಳಬೇಕೆಂದಿಲ್ಲ. ಚಿರತೆ ಬಿದ್ದಾಗ ಅದು ನೋವಿನಿಂದ ಕೆರಳಿ, ಬಿಡಿಸಲು ಬಂದವರ ಮೇಲೆ ಎರಗುತ್ತದೆ. ಬೇಲಿಗೆ ನೇರ ವಿದ್ಯುತ್ ಹರಿಸುವುದು ಕಾನೂನುಬಾಹಿರವಾಗಿದ್ದು, ಮುಂಜಾನೆ ಹುಲ್ಲು ತರಲು ಹೋದ ಮನೆಯವರೇ ಅದಕ್ಕೆ ಬಲಿಯಾಗುವ ಸಂಭವ ಹೆಚ್ಚು. ನಿಯಮಾನುಸಾರ ಅಳವಡಿಸಿದ ಸೌರ ಬೇಲಿಯು ಕ್ಷಣಕಾಲದ ಆಘಾತ ನೀಡಿ ಪ್ರಾಣಿಯನ್ನು ಹಿಮ್ಮೆಟ್ಟಿಸುತ್ತದೆಯೇ ಹೊರತು ಕೊಲ್ಲುವುದಿಲ್ಲ. ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ 2020ರ ಮೇ ತಿಂಗಳಿನಲ್ಲಿ ಬಾಯಲ್ಲಿ ಸ್ಫೋಟಕ ಸಿಡಿದು ಗರ್ಭಿಣಿ ಆನೆಯೊಂದು ಹೊಳೆಯಲ್ಲಿ ನಿಂತು ಪ್ರಾಣಬಿಟ್ಟದ್ದು ದೇಶದಾದ್ಯಂತ ಸುದ್ದಿಯಾಗಿತ್ತು. ಅಂತಹ ಮದ್ದನ್ನು ಮೇಯುವ ದನವೂ ಕಚ್ಚಬಹುದು.

ಕೋವಿ ಪರವಾನಗಿ

ಬೆಳೆ ರಕ್ಷಣೆಗಾಗಿ ಕೋವಿ ಹೊಂದಿರುವ ಕೃಷಿಕರು ಈ ಭಾಗದಲ್ಲಿ ಬಹಳ ಮಂದಿ ಇದ್ದಾರೆ. ಪರವಾನಗಿಯು ಆಯುಧ ಅಧಿನಿಯಮ, 1959 ಹಾಗೂ ಆಯುಧ ನಿಯಮಗಳು, 2016ರಡಿ ನೀಡಲ್ಪಡುತ್ತದೆ. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿಯು 3 ವರ್ಷಗಳ ಬದಲು 5 ವರ್ಷಗಳಾಗಿದೆ. ಕೋವಿ ಇಟ್ಟುಕೊಳ್ಳಲು ನೀಡಿದ ಪರವಾನಗಿಯು ವನ್ಯಪ್ರಾಣಿಯನ್ನು ಕೊಲ್ಲಲು ನೀಡಿದ ಅನುಮತಿಯಲ್ಲ ಎಂಬುದನ್ನು ಪುಸ್ತಕ ಕೈಗೆ ಬಂದ ದಿನವೇ ತಿಳಿದಿರುವುದು ಒಳ್ಳೆಯದು. ಇವೆರಡನ್ನೂ ಒಂದೇ ಎಂದು ತಿಳಿದು ತೊಂದರೆಗೊಳಗಾಗುವವರೇ ಹೆಚ್ಚು.

ಬಂಟ್ವಾಳ ಮತ್ತು ಬೆಳ್ತಂಗಡಿ ತಾಲೂಕುಗಳು ಜಿಲ್ಲಾ ಪೊಲೀಸ್ ವ್ಯಾಪ್ತಿಯಲ್ಲಿದ್ದು, ಅಲ್ಲಿನವರಿಗೆ ಜಿಲ್ಲಾ ದಂಡಾಧಿಕಾರಿಗಳಾದ ಜಿಲ್ಲಾಧಿಕಾರಿಯವರು ಪರವಾನಗಿ ಪ್ರಾಧಿಕಾರಿಯಾಗಿರುತ್ತಾರೆ. ಮೂಡುಬಿದಿರೆ ಠಾಣೆಯು ಮಂಗಳೂರು ನಗರ ಪೊಲೀಸ್ ಕಮಿಷನರೇಟ್ ವ್ಯಾಪ್ತಿಗೆ ಬರುವುದರಿಂದ ಅಲ್ಲಿನವರ ಅರ್ಜಿಯು ಪೊಲೀಸ್ ಆಯುಕ್ತರ ಕಚೇರಿಗೆ ಸಂಬಂಧಿಸಿದೆ. ಈ ವ್ಯತ್ಯಾಸ ತಿಳಿಯದೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಅರ್ಜಿ ನೀಡಿ ಕಾಯುವುದರಿಂದ ಪ್ರಯೋಜನವಿಲ್ಲ.

ಬೆಳ್ತಂಗಡಿ ತಾಲೂಕಿನ ಅರ್ಜಿದಾರರಿಗೆ ಇನ್ನೊಂದು ವಿಷಯ ಮುಖ್ಯವಾಗುತ್ತದೆ. ವನ್ಯಜೀವಿ ಅಧಿನಿಯಮದ 34ನೇ ಪ್ರಕರಣದ ಪ್ರಕಾರ ಅಭಯಾರಣ್ಯದ 10 ಕಿಲೋಮೀಟರ್ ಒಳಗೆ ವಾಸಿಸುವ ಕೋವಿದಾರರು ತಮ್ಮ ಹೆಸರನ್ನು ನೋಂದಾಯಿಸಿಕೊಳ್ಳಬೇಕಾಗಿದ್ದು, ಆ ವ್ಯಾಪ್ತಿಯಲ್ಲಿ ಹೊಸ ಪರವಾನಗಿಯನ್ನು ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಸಮ್ಮತಿ ಇಲ್ಲದೆ ನೀಡುವಂತಿಲ್ಲ. ಈ ನಿಯಮವು ರಾಷ್ಟ್ರೀಯ ಉದ್ಯಾನಗಳಿಗೂ ಅನ್ವಯಿಸುತ್ತದೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿಗೆ ತಾಗಿಕೊಂಡಿರುವ ನಾರಾವಿ, ಮಲವಂತಿಗೆ ಮುಂತಾದ ಕಡೆಗಳ ಅರ್ಜಿಗಳು ಬಂಟ್ವಾಳದ ಅರ್ಜಿಗಳಿಗಿಂತ ತಡವಾಗುವುದಕ್ಕೆ ಇದೂ ಒಂದು ಕಾರಣ.

ಚಿರತೆ ಬಂದಿದೆ ಎಂದಾಗ

ಕೇಂದ್ರ ಸರ್ಕಾರವು 2024ರಲ್ಲಿ ಪ್ರಕಟಿಸಿದ 2022ರ ಅಂದಾಜಿನ ಪ್ರಕಾರ ದೇಶದಲ್ಲಿ 13,874 ಹಾಗೂ ಕರ್ನಾಟಕದಲ್ಲಿ 1,879 ಚಿರತೆಗಳಿವೆ. ತುಳುವಿನ ಚಿಟ್ಟೆಪಿಲಿಯು ದಟ್ಟ ಕಾಡನ್ನೇ ಬಯಸುವ ಪ್ರಾಣಿಯಲ್ಲ. ಗೇರು ತೋಪು, ಪಾಳುಬಿದ್ದ ಕೆಂಪುಕಲ್ಲಿನ ಕೋರೆ, ಸೊಪ್ಪಿನ ಗುಡ್ಡ, ಲಂಟಾನ ಬೆಳೆದ ಕುಮ್ಕಿ ಇಷ್ಟಿದ್ದರೆ ಹಗಲು ಅಡಗಿ ರಾತ್ರಿ ಊರೊಳಗೆ ಬರುತ್ತದೆ. ಅದನ್ನು ಕರೆಸಿಕೊಳ್ಳಲು ಯಾವ ಕೂಗೂ ಬೇಕಿಲ್ಲ. ಬೀದಿ ನಾಯಿಗಳು, ಕೋಳಿ ಅಂಗಡಿಯ ತ್ಯಾಜ್ಯ ಸುರಿಯುವ ಜಾಗ, ಬಾಗಿಲಿಲ್ಲದ ಹಟ್ಟಿ ಇವೇ ಕರೆಯುತ್ತವೆ.

ಬಂದಿರುವುದು ಚಿರತೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳುವುದು ಒಳಿತು. ಚಿರತೆಯ ಹೆಜ್ಜೆ ಗುರುತು ದುಂಡಗಿದ್ದು, ನಡೆಯುವಾಗ ಉಗುರು ಒಳಗೆ ಸೇರಿರುವುದರಿಂದ ಸಾಮಾನ್ಯವಾಗಿ ಉಗುರಿನ ಗುರುತು ಮೂಡುವುದಿಲ್ಲ. ನಾಯಿಯ ಹೆಜ್ಜೆಯಲ್ಲಿ ಉಗುರು ಕಾಣುತ್ತದೆ. ಚಿರತೆಯ ಕೂಗು ಗರಗಸದಿಂದ ಮರ ಕೊಯ್ಯುವ ಸದ್ದನ್ನು ಹೋಲುತ್ತದೆ. ರಾತ್ರಿ ಗೀಳಿಡುವುದು ನರಿ. ಹೆಜ್ಜೆ ಗುರುತಿನ ಮೇಲೆ ಬುಟ್ಟಿ ಅಥವಾ ಹಾಳೆ ಮುಚ್ಚಿಟ್ಟಲ್ಲಿ ಸಿಬ್ಬಂದಿ ಬಂದು ನೋಡುವವರೆಗೆ ಅಳಿಯುವುದಿಲ್ಲ. ಬೇರೆ ಊರಿನ ಅಥವಾ ಕೃತಕವಾಗಿ ತಯಾರಿಸಿದ ಚಿತ್ರವನ್ನು "ನಮ್ಮೂರ ಚಿರತೆ" ಎಂದು ವಾಟ್ಸಾಪ್‌ನಲ್ಲಿ ಹರಿಬಿಡುವುದರಿಂದ ಶಾಲೆಗೆ ಹೋಗುವ ಮಕ್ಕಳು, ಬೀಡಿ ಕೊಡಲು ಹೋಗುವ ಮಹಿಳೆಯರು ಹೆದರಿ ಮನೆಯಲ್ಲೇ ಉಳಿಯುವಂತಾಗುತ್ತದೆ. ಜೊತೆಗೆ ಸಿಬ್ಬಂದಿಯು ಇಲ್ಲದ ಪ್ರಾಣಿಯನ್ನು ಹುಡುಕುತ್ತ ಇರುವ ಕಡೆಗೆ ಹೋಗಲಾರದ ಸ್ಥಿತಿ ಬರುತ್ತದೆ.

ಮಾಹಿತಿ ನೀಡಿದ ಕೂಡಲೇ ಬೋನು ಇಡುವುದಿಲ್ಲವೇಕೆ ಎಂಬ ಅಸಮಾಧಾನ ಸಾಮಾನ್ಯ. ಅದಕ್ಕೆ ಕಾರಣವಿದೆ. ಮಹಾರಾಷ್ಟ್ರದ ಜುನ್ನರ್ ಭಾಗದಲ್ಲಿ 2001ರ ನಂತರ ಚಿರತೆಗಳನ್ನು ಹೆಚ್ಚಿನ ಸಂಖ್ಯೆಯಲ್ಲಿ ಹಿಡಿದು ಬೇರೆಡೆ ಬಿಟ್ಟಾಗ ಮನುಷ್ಯರ ಮೇಲಿನ ದಾಳಿ ಕಡಿಮೆಯಾಗುವ ಬದಲು ಹೆಚ್ಚಿದ್ದನ್ನು ಸಂಶೋಧಕರು ದಾಖಲಿಸಿದರು. ಪರಿಚಿತ ನೆಲೆಯಿಂದ ಕಿತ್ತು ತಂದ ಪ್ರಾಣಿಯು ಹೊಸ ಜಾಗದಲ್ಲಿ ಗಾಬರಿಗೊಳ್ಳುತ್ತದೆ. ಅದು ಬಿಟ್ಟುಹೋದ ಜಾಗಕ್ಕೆ ಇನ್ನೊಂದು ಚಿರತೆ ಬರುತ್ತದೆ. ಕೇಂದ್ರ ಸಚಿವಾಲಯವು 2011ರಲ್ಲಿ ಹೊರಡಿಸಿದ ಮಾನವ-ಚಿರತೆ ಸಂಘರ್ಷ ಮಾರ್ಗಸೂಚಿಯು ಈ ಕಾರಣದಿಂದಲೇ, ಕಂಡ ಮಾತ್ರಕ್ಕೆ ಚಿರತೆಯನ್ನು ಹಿಡಿಯಬಾರದೆಂದು ಸೂಚಿಸುತ್ತದೆ. ಕೃಷಿಕರ ಆತಂಕ ಸುಳ್ಳಲ್ಲ. ಆದರೆ ಬೋನು ಕೊನೆಯ ಉಪಾಯವೇ ಹೊರತು ಮೊದಲನೆಯದಲ್ಲ.

ಮೊದಲನೆಯ ಉಪಾಯವೆಂದರೆ ಹಟ್ಟಿಯ ಭದ್ರತೆ. ಗೋಡೆ ಇದ್ದು ಮೇಲ್ಭಾಗ ತೆರೆದಿರುವ ಹಟ್ಟಿಯಿಂದ ಪ್ರಯೋಜನವಿಲ್ಲ. ಚಿರತೆ ಗೋಡೆ ಹತ್ತಿ ಇಳಿಯಬಲ್ಲದು. ಮಾಡು ಮತ್ತು ಗೋಡೆಯ ನಡುವಿನ ಜಾಗಕ್ಕೆ ಗಟ್ಟಿ ಜಾಲರಿ, ಒಳಗಿನಿಂದ ಅಲುಗದ ಬಾಗಿಲು ಅಗತ್ಯ. ಕರು ಮತ್ತು ಆಡುಗಳನ್ನು ಹೊರಗಿನ ಕೊಟ್ಟಿಗೆಯಲ್ಲಿ ಕಟ್ಟಬಾರದು. ನಾಯಿಯನ್ನು ಸರಪಳಿಯಲ್ಲಿ ಅಂಗಳದಲ್ಲಿ ಕಟ್ಟಿಹಾಕುವುದು ಅದನ್ನು ಚಿರತೆಗೆ ಕೊಟ್ಟಂತೆಯೇ ಆಗುತ್ತದೆ. ಅದಕ್ಕೂ ಮುಚ್ಚಿದ ಗೂಡು ಬೇಕು. ರಾತ್ರಿ ಹೊರಗೆ ಹೋಗುವವರು ಇಬ್ಬರಾಗಿ, ಮಾತನಾಡುತ್ತ, ದೀಪ ಹಿಡಿದು ನಡೆಯುವುದು ಸೂಕ್ತ. ಎದುರಾದರೆ ಓಡಬಾರದು, ಕುಳಿತುಕೊಳ್ಳಬಾರದು, ಬೆನ್ನು ತೋರಿಸಬಾರದು. ನಿಂತು ಗಟ್ಟಿಯಾಗಿ ಕೂಗುತ್ತ ನಿಧಾನವಾಗಿ ಹಿಂದೆ ಸರಿಯಬೇಕು. ಮರಿಗಳು ಸಿಕ್ಕಿದಲ್ಲಿ ಮುಟ್ಟದೆ ದೂರ ಬರಬೇಕು. ತಾಯಿ ಹತ್ತಿರದಲ್ಲಿಯೇ ಇರುತ್ತದೆ. ನರಿ, ಕಾಡುಬೆಕ್ಕು ಅಥವಾ ಯಾವುದೇ ಪ್ರಾಣಿ ಕಚ್ಚಿದಲ್ಲಿ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಯಲ್ಲಿ ಹುಚ್ಚುನಾಯಿ ರೋಗ ನಿರೋಧಕ ಲಸಿಕೆ ಪಡೆಯತಕ್ಕದ್ದು.

ಈ ಭಾಗದ ಇನ್ನೊಂದು ಸಮಸ್ಯೆ ಕಟ್ಟೆಯಿಲ್ಲದ ಬಾವಿಗಳು. ನಾಯಿ, ಕೋಳಿಗಳನ್ನು ಬೆನ್ನಟ್ಟುವಾಗ ಚಿರತೆಗಳು ಬಾವಿಗೆ ಬೀಳುತ್ತವೆ. ಮೂಡುಬಿದಿರೆ ಸಮೀಪದ ನಿಡ್ಡೋಡಿಯಲ್ಲಿ 2023ರ ಫೆಬ್ರವರಿಯಲ್ಲಿ ಬಾವಿಗೆ ಬಿದ್ದು ಒಳಗಿನ ಪೊಟರೆಯಲ್ಲಿ ಸೇರಿಕೊಂಡಿದ್ದ ಚಿರತೆಯನ್ನು ಮೇಲೆ ತರಲು, ಪಶುವೈದ್ಯೆಯೊಬ್ಬರು ತಾವೇ ಬೋನಿನೊಳಗೆ ಕುಳಿತು ಬಾವಿಗಿಳಿದು ಅರಿವಳಿಕೆ ನೀಡಿದರು. ಅಂತಹ ಸನ್ನಿವೇಶದಲ್ಲಿ ಸಾರ್ವಜನಿಕರು ಮಾಡಬಹುದಾದ ದೊಡ್ಡ ಉಪಕಾರವೆಂದರೆ ಬಾವಿಯ ಬಳಿ ಸೇರದಿರುವುದು. ಜನರ ಗದ್ದಲ ಕಡಿಮೆಯಿದ್ದು ಏಣಿ ಇಳಿಸಿಟ್ಟರೆ ಎಷ್ಟೋ ಬಾರಿ ಚಿರತೆ ರಾತ್ರಿ ತಾನಾಗಿಯೇ ಹತ್ತಿ ಹೋಗುತ್ತದೆ. 2016ರ ಫೆಬ್ರವರಿಯಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್ ಬಳಿಯ ಶಾಲೆಯೊಂದಕ್ಕೆ ಚಿರತೆ ನುಗ್ಗಿದಾಗ ಗುಂಪುಗೂಡಿದ ಜನರ ನಡುವೆ ಕಾರ್ಯಾಚರಣೆ ಎಷ್ಟು ಕಷ್ಟವಾಯಿತು, ಎಷ್ಟು ಮಂದಿ ಗಾಯಗೊಂಡರು ಎಂಬುದನ್ನು ದೂರದರ್ಶನದಲ್ಲಿ ನೋಡಿದವರು ಮರೆತಿರಲಾರರು.

ಜಾನುವಾರು ಸತ್ತಾಗ ಪರಿಹಾರ

ವನ್ಯಪ್ರಾಣಿ ದಾಳಿಯಿಂದ ದನ, ಎಮ್ಮೆ, ಆಡು, ಕುರಿ ಸತ್ತಲ್ಲಿ, ಬೆಳೆ ಹಾನಿಯಾದಲ್ಲಿ, ಮನುಷ್ಯರಿಗೆ ಗಾಯ ಅಥವಾ ಪ್ರಾಣಹಾನಿ ಸಂಭವಿಸಿದಲ್ಲಿ ಅರಣ್ಯ ಇಲಾಖೆಯಿಂದ ದಯಾತ್ಮಕ ಧನ ನೀಡಲಾಗುತ್ತದೆ. ದರಗಳನ್ನು ಸರ್ಕಾರವು ಆಗಾಗ ಪರಿಷ್ಕರಿಸುವುದರಿಂದ ಘಟನೆಯ ದಿನದಂದು ಜಾರಿಯಲ್ಲಿರುವ ದರವನ್ನು ವಲಯ ಕಚೇರಿಯಲ್ಲಿ ಕೇಳಿ ತಿಳಿಯುವುದು.

ಅರ್ಜಿಗಳು ತಿರಸ್ಕೃತವಾಗುವುದಕ್ಕೆ ಮುಖ್ಯ ಕಾರಣ ಸಾಕ್ಷ್ಯ ಅಳಿಸಿಹೋಗಿರುವುದು. ಬೆಳಗ್ಗೆ ಹಟ್ಟಿಯಲ್ಲಿ ಕರು ಸತ್ತಿರುವುದನ್ನು ಕಂಡ ಕೂಡಲೇ ದುಃಖದಲ್ಲಿ ಹೂಳಿಬಿಡುವವರಿದ್ದಾರೆ. ಹೂತ ನಂತರ ಅದು ಚಿರತೆಯಿಂದ ಸತ್ತಿತೋ, ನಾಯಿಗಳಿಂದಲೋ, ರೋಗದಿಂದಲೋ ಎಂದು ಯಾವ ಪಶುವೈದ್ಯರೂ ಬರೆದುಕೊಡಲಾರರು. ಆದ್ದರಿಂದ ಕಳೇಬರವನ್ನು ಕದಲಿಸದೆ, ಕುತ್ತಿಗೆಯ ಮೇಲಿನ ಹಲ್ಲಿನ ಗುರುತು, ಎಳೆದೊಯ್ದ ಜಾಡು ಮತ್ತು ಹೆಜ್ಜೆಗಳ ಛಾಯಾಚಿತ್ರ ತೆಗೆದು, ಅದೇ ದಿನ ಉಪ ವಲಯ ಅರಣ್ಯಾಧಿಕಾರಿ ಅಥವಾ ಗಸ್ತು ಅರಣ್ಯ ಪಾಲಕರಿಗೆ ತಿಳಿಸತಕ್ಕದ್ದು. ಅವರು ಸ್ಥಳ ಮಹಜರು ನಡೆಸುತ್ತಾರೆ. ಪಶುವೈದ್ಯಾಧಿಕಾರಿಯವರಿಂದ ಮರಣೋತ್ತರ ಪರೀಕ್ಷಾ ವರದಿ ಪಡೆಯಬೇಕಾಗುತ್ತದೆ. ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಪುಸ್ತಕದ ಮೊದಲ ಪುಟದ ಪ್ರತಿ, ಬೆಳೆ ಹಾನಿಯಾಗಿದ್ದಲ್ಲಿ ಪಹಣಿಯನ್ನು ಅರ್ಜಿಯೊಂದಿಗೆ ಲಗತ್ತಿಸುವುದು. ಪಾಸ್‌ಪುಸ್ತಕದಲ್ಲಿನ ಹೆಸರು ಆಧಾರ್‌ನಲ್ಲಿನ ಹೆಸರಿಗಿಂತ ಭಿನ್ನವಾಗಿದ್ದಲ್ಲಿ ಹಣ ಜಮೆಯಾಗದೆ ಹಿಂತಿರುಗುವ ಸಾಧ್ಯತೆ ಇರುವುದರಿಂದ ಅದನ್ನು ಮೊದಲೇ ಸರಿಪಡಿಸಿಕೊಳ್ಳುವುದು ಸೂಕ್ತ. ಅರ್ಜಿಗಳನ್ನು ಇಲಾಖೆಯ ಇ-ಪರಿಹಾರ ತಂತ್ರಾಂಶದಲ್ಲಿ ದಾಖಲಿಸಲಾಗುತ್ತದೆ. ಸ್ವೀಕೃತಿಯನ್ನು ಕೇಳಿ ಪಡೆಯುವುದು ಅರ್ಜಿದಾರರ ಹಕ್ಕಾಗಿದೆ.

ಸತ್ತ ಕರುವಿನ ಮಾಂಸಕ್ಕೆ ಕೀಟನಾಶಕ ಬೆರೆಸಿ ಚಿರತೆ ಮರಳಿ ಬರುವುದನ್ನು ಕಾಯುವ ಕೃತ್ಯವು ಬೇಟೆಯ ವ್ಯಾಖ್ಯೆಯಲ್ಲಿಯೇ ಬರುತ್ತದೆ. ಹಾಗೆ ಮಾಡಿದವರು ಪರಿಹಾರ ಪಡೆಯಬೇಕಾಗಿದ್ದ ಅರ್ಜಿದಾರರ ಸ್ಥಾನದಿಂದ ಆರೋಪಿಯ ಸ್ಥಾನಕ್ಕೆ ಬರುತ್ತಾರೆ. ಊರಿನ ನಾಯಿಗಳೂ ಹದ್ದುಗಳೂ ಅದೇ ಮಾಂಸ ತಿಂದು ಸಾಯುತ್ತವೆ.

ಯಾವ ಕಚೇರಿಯನ್ನು ಸಂಪರ್ಕಿಸಬೇಕು

ಬಂಟ್ವಾಳ ವಲಯ ಮತ್ತು ಬೆಳ್ತಂಗಡಿ ವಲಯಗಳು ಮಂಗಳೂರು ಅರಣ್ಯ ವಿಭಾಗಕ್ಕೆ ಸೇರಿವೆ. ಮೂಡುಬಿದಿರೆ ವಲಯವು ಕುಂದಾಪುರ ಅರಣ್ಯ ವಿಭಾಗಕ್ಕೆ ಸೇರಿದೆ. ಬೆಳ್ತಂಗಡಿ ತಾಲೂಕಿನಲ್ಲಿಯೇ ಇದ್ದರೂ ವೇಣೂರು ವಲಯವು ಕುಂದಾಪುರ ವಿಭಾಗದ ಆಡಳಿತದಲ್ಲಿದೆ. ರಾಷ್ಟ್ರೀಯ ಉದ್ಯಾನಕ್ಕೆ ಹೊಂದಿದ ಭಾಗಗಳನ್ನು ಕುದುರೆಮುಖ ವನ್ಯಜೀವಿ ವಿಭಾಗದ ಬೆಳ್ತಂಗಡಿ ವನ್ಯಜೀವಿ ವಲಯವು ನೋಡಿಕೊಳ್ಳುತ್ತದೆ. ತಾಲೂಕಿನ ಹೆಸರು ನೋಡಿ ಕಚೇರಿ ಹುಡುಕಿದಲ್ಲಿ ದಾರಿ ತಪ್ಪುವ ಸಂಭವವಿರುವುದರಿಂದ, ತಮ್ಮ ಗ್ರಾಮವು ಯಾವ ವಲಯಕ್ಕೆ ಸೇರಿದೆ ಎಂಬುದನ್ನು ಗ್ರಾಮ ಪಂಚಾಯಿತಿಯಲ್ಲಿ ಅಥವಾ ಗಸ್ತು ಅರಣ್ಯ ಪಾಲಕರಲ್ಲಿ ಮುಂಚಿತವಾಗಿಯೇ ಕೇಳಿ ಬರೆದಿಟ್ಟುಕೊಳ್ಳಲು ಕೋರಲಾಗಿದೆ. ರಾತ್ರಿ ವೇಳೆಯಲ್ಲಿ ಅರಣ್ಯ ಇಲಾಖೆಯ ಸಹಾಯವಾಣಿ 1926 ಅಥವಾ ತುರ್ತು ಕರೆ 112ಕ್ಕೆ ದೂರವಾಣಿ ಮಾಡಬಹುದು. ಕರೆ ಮಾಡುವಾಗ ಗ್ರಾಮದ ಹೆಸರಿನ ಜೊತೆಗೆ ಮನೆಯ ಹೆಸರು, ಹತ್ತಿರದ ದೈವಸ್ಥಾನ, ಶಾಲೆ ಅಥವಾ ಬಸ್ ನಿಲ್ದಾಣವನ್ನೂ ತಿಳಿಸಿದಲ್ಲಿ ಸಿಬ್ಬಂದಿಗೆ ಕತ್ತಲೆಯಲ್ಲಿ ಸ್ಥಳ ತಲುಪಲು ಅನುಕೂಲವಾಗುತ್ತದೆ.